ಅಳಿಯನ ಅಳತೆಯ ಜೀನ್ಸು

ಹಿತ್ತಾಳೆಯ ತಟ್ಟೆಯಲ್ಲಿ ಒಂದು ಜೀನ್ಸ್ ಪ್ಯಾಂಟನ್ನು ಮಡಚಿಟ್ಟು, ಅದರ ಮೇಲೆ ಎಲೆ, ಅಡಿಕೆ, ಜುಟ್ಟಿರುವ ಒಂದು ತೆಂಗಿನಕಾಯಿ ಇಟ್ಟು, ಸೊಂಟದ ಪಟ್ಟಿಗೆ ಕುಂಕುಮ ಹಚ್ಚಿದ್ದನ್ನು ನೀವು ಎಂದಾದರೂ ನೋಡಿದ್ದೀರಾ? ನೋಡಿರಲಿಕ್ಕಿಲ್ಲ. ನಾನು ನೋಡಿದ್ದೇನೆ. ನವನಗರದ ನಮ್ಮ ಮನೆಯಲ್ಲಿ, ದೇವರ ಮುಂದೆಯೇ ನೋಡಿದ್ದೇನೆ. ದೇವರು ಏನೆಂದುಕೊಂಡನೋ ಗೊತ್ತಿಲ್ಲ. ನನ್ನ ಹೆಂಡತಿ ಶಕುಂತಲಾ ಮಾತ್ರ ಬಾಯಿಗೆ ಸೆರಗು ಹಿಡಿದು, "ಇದೇನ್ರಿ, ತಟ್ಟಿಯೊಳಗ ಯಾರೋ ಕಾಲು ಮಡಚಿ ಮಲಗಿದಂಗ ಕಾಣಾಕತ್ತೈತಿ" ಎಂದಳು.

ಅದನ್ನು ಕೊಂಡು ತಂದವನು ನಾನು. ಮುಂದೆ ಆದದ್ದೆಲ್ಲದಕ್ಕೂ ಜವಾಬ್ದಾರ ನಾನೇ. ಹೇಗಾಯಿತೆಂದು ಹೇಳುತ್ತೇನೆ, ದಯವಿಟ್ಟು ನಡುನಡುವೆ ನಗಬೇಡಿ, ನನಗೆ ಹೇಳುವ ಓಟ ತಪ್ಪುತ್ತದೆ.

ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಆಹೇರ ಎಂದರೆ ಉಡುಗೊರೆಯ ಬಟ್ಟೆ. ಮದುವೆಯಿರಲಿ, ಮನೆಶಾಂತಿ ಇರಲಿ, ಹೆಂಗಸರಿಗೆ ಸೀರೆ, ಗಂಡಸರಿಗೆ ಶರ್ಟು-ಪ್ಯಾಂಟಿನ ಪೀಸು. ಈ ಆಹೇರಕ್ಕೆ ಎರಡು ಕಟ್ಟುಪಾಡುಗಳಿವೆ. ಕೊಟ್ಟ ಬಟ್ಟೆಯನ್ನು ಅಲ್ಲೇ ಉಟ್ಟುಕೊಂಡು ಬಂದು ಹಿರಿಯರಿಗೆ ನಮಸ್ಕಾರ ಮಾಡಬೇಕು. ಬಟ್ಟೆ ಹೇಗೇ ಇರಲಿ, ಬಾಯಿ ತುಂಬ "ಛಲೋ ಐತ್ರಿ" ಎನ್ನಬೇಕು. ಪೀಸು ಹೊಲಿಸದ ಬಟ್ಟೆಯಾದ್ದರಿಂದ ಗಂಡಸರು ಅದನ್ನು ಟಾವೆಲಿನ ಹಾಗೆ ಹೆಗಲ ಮೇಲೆ ಹಾಕಿಕೊಂಡು ಬಂದು ನಮಸ್ಕಾರ ಮಾಡಿದರೂ ನಡೆಯುತ್ತದೆ. ಎಷ್ಟೊಂದು ಅನುಕೂಲದ ವ್ಯವಸ್ಥೆ ನೋಡಿ! ಪ್ಯಾಂಟ್ ಪೀಸಿಗೆ ಸೊಂಟವಿಲ್ಲ, ತೊಡೆಯಿಲ್ಲ, ಹೊಟ್ಟೆಯಂತೂ ಇಲ್ಲವೇ ಇಲ್ಲ. ದಪ್ಪಗಿನವನಿಗೆ ಕೊಟ್ಟರೂ ಸಲ್ಲುತ್ತದೆ, ಸಣಕಲನಿಗೆ ಕೊಟ್ಟರೂ ಸಲ್ಲುತ್ತದೆ. ಆಮೇಲಿನದನ್ನು ಅವನೂ ಅವನ ಟೇಲರನೂ ನೋಡಿಕೊಳ್ಳುತ್ತಾರೆ. ನಮ್ಮ ಮನೆಯ ಕಪಾಟಿನಲ್ಲಿ ಒಂದು ಬೂದು ಬಣ್ಣದ ಪೀಸು ಇತ್ತು. ಅದು ಎಲ್ಲಿಂದ ಬಂತೆಂದು ನಮಗೆ ನೆನಪಿರಲಿಲ್ಲ, ಯಾರಿಗೋ ಕೊಟ್ಟೆವು. ಸ್ವಲ್ಪ ವರ್ಷಗಳ ಮೇಲೆ ಇನ್ಯಾರದೋ ಮನೆಯ ಮದುವೆಯಲ್ಲಿ ಅದೇ ಪೀಸು ನನ್ನ ಹೆಗಲ ಮೇಲೆ ಬಂದು ಕೂತಿತು. ನಾನೂ ಅದಕ್ಕೆ "ಛಲೋ ಐತ್ರಿ" ಎಂದೆ.

ಹೋದ ದೀಪಾವಳಿಗೂ ಇಂಥದೇ ಒಂದು ಪೀಸು ಕೊಟ್ಟು ಮುಗಿಸುವವನಿದ್ದೆ. ಅದು ನಮ್ಮ ಅಳಿಯನ ಮೊದಲ ದೀಪಾವಳಿ. ಮಗಳು ಪಲ್ಲವಿ ಫೋನಿನಲ್ಲಿ ಮೊದಲೇ ಹೇಳಿಬಿಟ್ಟಳು: "ಅಪ್ಪಾ, ಪ್ಯಾಂಟ್ ಪೀಸ್ ತರಬ್ಯಾಡ್ರಿ. ಅವರು ಜೀನ್ಸ್ ಬಿಟ್ಟ ಬ್ಯಾರೆ ಹಾಕ್ಕೊಳ್ಳೂದಿಲ್ಲ. ಹೊಲಕ್ಕ ಹೋದ್ರೂ ಜೀನ್ಸ, ಪ್ಯಾಟಿಗೆ ಹೋದ್ರೂ ಜೀನ್ಸ."

ಈಗ ಪಲ್ಲವಿಯ ವಿಷಯ ಸ್ವಲ್ಪ ಹೇಳಬೇಕು. ಆಕೆ ನಮಗೆ ಒಬ್ಬಳೇ ಮಗಳು. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಓದುವಾಗಲೇ ಸುಳ್ಳ ಎಂಬ ಹಳ್ಳಿಯ ವೀರೇಶನನ್ನು ತಾನೇ ಮೆಚ್ಚಿಕೊಂಡಳು. ಹುಡುಗನದು ಒಕ್ಕಲುತನದ ಮನೆ. ಊರಲ್ಲಿ ಹೊಲ, ಹುಬ್ಬಳ್ಳಿಯಲ್ಲಿ ಪಂಪ್‌ಸೆಟ್ಟಿನ ಅಂಗಡಿ. ನಾನು ಧಾರವಾಡದ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದು ನಿವೃತ್ತನಾದವನು. ಮನೆಯಲ್ಲಿ ಹಾರ್ಮೋನಿಯಂ, ಪುಸ್ತಕ, ಮಧ್ಯಾಹ್ನದ ನಿದ್ದೆ. "ವಿಚಾರ ಮಾಡೀಯೇನವಾ? ತುಂಬಿದ ಮನಿ, ಹಳ್ಳಿ, ನಿನಗ ರೂಢಿಯಿಲ್ಲ" ಎಂದು ಒಂದೇ ಸಲ ಕೇಳಿದೆ. "ಮಾಡೇನಿ ಅಪ್ಪಾ" ಎಂದಳು. ಅಷ್ಟಕ್ಕೆ ಮದುವೆ ಮಾಡಿಕೊಟ್ಟೆವು. ಅಂದಿನಿಂದ ನಾನು ಫೋನ್ ಮಾಡಿದಾಗಲೆಲ್ಲ ಆಕೆ ಹೇಳುವುದು ಒಂದೇ ಮಾತು: "ಎಲ್ಲಾ ಛಲೋ ಐತಿ ಅಪ್ಪಾ." ತಾನೇ ಆರಿಸಿಕೊಂಡವಳು ಬೇರೆ ಏನು ತಾನೇ ಹೇಳಿಯಾಳು? ಏನಾದರೂ ಕಷ್ಟವಿದ್ದರೂ ನಮ್ಮ ಮುಂದೆ ಬಾಯಿ ಬಿಡಲಿಕ್ಕಿಲ್ಲ. ಈ ಯೋಚನೆ ನನ್ನನ್ನು ಕೊರೆಯುತ್ತಿತ್ತು. ಶಕುಂತಲಾಳಿಗೂ ಕೊರೆಯುತ್ತಿತ್ತೆಂದು ನನಗೆ ಗೊತ್ತು, ಏಕೆಂದರೆ ಫೋನ್ ಇಟ್ಟ ಮೇಲೆ ಇಬ್ಬರೂ ಸ್ವಲ್ಪ ಹೊತ್ತು ಟಿವಿ ನೋಡುವಂತೆ ನಟಿಸುತ್ತಿದ್ದೆವು.

ಅಳಿಯನನ್ನೇ ಕೇಳಬಹುದಿತ್ತಲ್ಲ ಎನ್ನುತ್ತೀರಿ. ಅವನು ನನ್ನೊಡನೆ ಮಾತಾಡಿದರೆ ತಾನೆ! ನನ್ನ ಶಿಷ್ಯನೇನೂ ಅಲ್ಲದಿದ್ದರೂ ನನ್ನನ್ನು "ಸರ್" ಎಂದು ಕರೆಯುತ್ತಾನೆ, ಕೈಕಟ್ಟಿ ನಿಲ್ಲುತ್ತಾನೆ. ನಾನು ಮಳೆಯ ವಿಷಯ ಕೇಳುತ್ತೇನೆ, ಅವನು "ಆಗೇತ್ರಿ ಸರ್" ಅಥವಾ "ಇಲ್ರಿ ಸರ್" ಎನ್ನುತ್ತಾನೆ. ಅಲ್ಲಿಗೆ ಮಾತು ಮುಗಿಯುತ್ತದೆ. ಹೀಗಿರುವಾಗ ಈ ಜೀನ್ಸಿನ ನೆಪದಿಂದಲಾದರೂ ಅವನ ಮನಸ್ಸು ಗೆಲ್ಲೋಣ, ಗೆದ್ದರೆ ಮಾತಾಡಿಯಾನು, ಮಾತಾಡಿದರೆ ಮಗಳು ಹೇಗಿದ್ದಾಳೆಂದು ತಿಳಿದೀತು ಎಂದು ಆಸೆಪಟ್ಟೆ. ಪಲ್ಲವಿಯಿಂದ ಸೊಂಟದ ನಂಬರು ಕೇಳಿಕೊಂಡೆ. ಮೂವತ್ತೆರಡು ಎಂದಳು. ಇನ್ನೇನು ಬೇಕು, ಮೂವತ್ತೆರಡು ಎಂದರೆ ಮೂವತ್ತೆರಡು ಎಂದುಕೊಂಡು ಸಿಟಿ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೊರಟೆ.

ಬಸ್ಸಿನಲ್ಲಿ ಕೂತು, ಆಯುಷ್ಯದಲ್ಲಿ ಮೊದಲ ಸಲ, ಇಳಿಯುವ ಹತ್ತುವ ಗಂಡಸರ ಕಾಲುಗಳನ್ನು ನೋಡತೊಡಗಿದೆ. ಏನೆಲ್ಲ ನಮೂನೆ ಮಾಡಿಟ್ಟಿದ್ದಾನೆ ಆ ಮೇಲಿನವನು! ಒಬ್ಬನಿಗೆ ಕಾಲುಗಳೇ ಆಳೆತ್ತರ, ಮೇಲಿನ ಮೈ ಒಂದಿಷ್ಟೇ. ಅವನ ಜೀನ್ಸು ಪಾದ ಮುಟ್ಟುವ ಮೊದಲೇ ಬಟ್ಟೆ ಮುಗಿದುಹೋಗಿ ಕಾಲುಚೀಲ ಊರಿಗೆಲ್ಲ ಕಾಣುತ್ತಿತ್ತು. ಇನ್ನೊಬ್ಬ ಗಿಡ್ಡ, ಗಟ್ಟಿಮುಟ್ಟು. ಅವನು ಕೆಳಗೆ ಮಡಚಿದ ಮಡಿಕೆಗಳಲ್ಲಿ ಚಿಲ್ಲರೆ ಸಾಮಾನು ಇಡಬಹುದಿತ್ತು. ಒಬ್ಬ ತೆಳ್ಳಗಿನ ಹುಡುಗ ಅಂಟಿಸಿದಂಥ ಜೀನ್ಸು ಹಾಕಿದ್ದ. ಅವನು ಜೇಬಿನಿಂದ ಮೊಬೈಲು ತೆಗೆಯಲು ಪಟ್ಟ ಪಾಡು ನೋಡಿ, ಫೋನು ಮಾಡಿದವರು ಯಾರೋ ಪಾಪ, ಎಂದುಕೊಂಡೆ.

ನನ್ನ ಜಾತಿಯವರೂ ಇದ್ದರು. ನನ್ನ ಜಾತಿ ಎಂದರೆ ಮುಂದೆ ಹೊಟ್ಟೆ ಇದ್ದು ಹಿಂದೆ ಏನೂ ಇಲ್ಲದವರು. ನಮ್ಮಲ್ಲಿ ಎರಡು ಮತಗಳಿವೆ. ಪ್ಯಾಂಟನ್ನು ಹೊಟ್ಟೆಯ ಮೇಲೆ ಕಟ್ಟುವವರದು ಒಂದು, ಹೊಟ್ಟೆಯ ಕೆಳಗೆ ಕಟ್ಟುವವರದು ಇನ್ನೊಂದು. ಮೇಲಿನವರು ಎದೆಯಿಂದಲೇ ಪ್ಯಾಂಟು ಶುರುವಾದಂತೆ ಕಾಣುತ್ತಾರೆ, ಆದರೆ ನಿಶ್ಚಿಂತರು. ಕೆಳಗಿನವರು ತಮ್ಮ ಸೊಂಟ ಇಪ್ಪತ್ತರ ವಯಸ್ಸಿನಲ್ಲಿ ಇದ್ದಷ್ಟೇ ಇದೆ ಎಂದು ಹೆಮ್ಮೆಪಡುತ್ತಾರೆ, ಆದರೆ ಮಾತಿಗೊಮ್ಮೆ ಪ್ಯಾಂಟು ಮೇಲೆಳೆದುಕೊಳ್ಳುತ್ತಾರೆ. ನಾನು ಹುಟ್ಟಿನಿಂದ ಕೆಳಗಿನ ಮತದವನು. ಶಕುಂತಲಾ ಎಷ್ಟೋ ಸಲ ಮತಾಂತರಕ್ಕೆ ಪ್ರಯತ್ನಿಸಿದ್ದಾಳೆ, ನಾನು ಒಪ್ಪಿಲ್ಲ.

ದುರ್ಗದಬೈಲಿನ ಹತ್ತಿರ ಒಂದು ಅಂಗಡಿ ಹೊಕ್ಕೆ. ಮಾಲೀಕ ಸುಭಾಸ ನಗುಮುಖದವನು, ಮಾತುಗಾರ. ಗೋಡೆಯ ತುಂಬ, ನೆಲದಿಂದ ಮಾಳಿಗೆಯ ತನಕ ಜೀನ್ಸು. ಮೂವತ್ತೆರಡು ಕೊಡಿ ಎಂದೆ.

"ಮೂವತ್ತೆರಡರೊಳಗ ಯಾವ್ದ ಕೊಡ್ಲಿರಿ? ಸ್ಕಿನ್ನಿ ಐತಿ, ಸ್ಲಿಮ್ ಐತಿ, ರೆಗ್ಯುಲರ್ ಐತಿ, ರಿಲ್ಯಾಕ್ಸ್ ಐತಿ. ಹುಡುಗ ಹೆಂಗದಾರ್ರಿ?"

"ಭಾಳ ಛಲೋ ಅದಾರ. ಚಟಾ-ಗಿಟಾ ಏನೂ ಇಲ್ಲ."

"ಅದು ಬೀಗರು ಕೇಳೂ ಮಾತರಿ ಸರ್," ಎಂದು ಸುಭಾಸ ನಕ್ಕ, "ನಾ ಕೇಳಾಕತ್ತಿದ್ದು ಮೈಕಟ್ಟು. ತೊಡಿ ದಪ್ಪ ಅದಾವೋ, ಸಣ್ಣ ಅದಾವೋ? ಹಿಂದ ತುಂಬೇತೋ, ಇಲ್ಲೋ? ಕಾಲು ಉದ್ದೋ, ಗಿಡ್ಡೋ?"

ನಾನು ಕಣ್ಣು ಮುಚ್ಚಿ ಅಳಿಯನನ್ನು ನೆನೆದೆ. ಮೊದಲು ಕಂಡದ್ದು ಬಾಸಿಂಗ. ಅದರ ಮೇಲೆ ಪೇಟಾ. ಬಾಸಿಂಗದ ಕೆಳಗೆ ಸಂಕೋಚದ ಒಂದು ಮೀಸೆ. ಅದರ ಕೆಳಗೆ ಹೂವಿನ ಹಾರ. ಹಾರದ ಕೆಳಗೆ ಎಷ್ಟು ಹುಡುಕಿದರೂ ಏನೂ ಸಿಗಲಿಲ್ಲ! ಮದುವೆಯ ದಿನ ನಾನು ನೋಡುತ್ತಿದ್ದುದು ಮಗಳನ್ನು; ಆಮೇಲೆ ಬಂದಾಗಲೆಲ್ಲ ನೋಡಿದ್ದು ಆಕೆಯ ಮುಖ ಸೊರಗಿದೆಯೋ ಇಲ್ಲವೋ ಎಂಬುದನ್ನು. ಪಕ್ಕದಲ್ಲಿ ನಿಂತ ಈ ಮನುಷ್ಯನಿಗೆ ತೊಡೆಗಳಿವೆಯೋ ಇಲ್ಲವೋ ಎಂದು ನಾನು ನೋಡಿಯೇ ಇರಲಿಲ್ಲ. ಮಗಳನ್ನು ಕೊಟ್ಟ ಮನುಷ್ಯನ ಮೈಕಟ್ಟು ಗೊತ್ತಿಲ್ಲವೆಂದು ಆ ಅಂಗಡಿಯವನ ಮುಂದೆ ಹೇಗೆ ಹೇಳುವುದು? ನಾಚಿಕೆಯಾಯಿತು. ಮಗಳಿಗೆ ಫೋನ್ ಮಾಡಿ ಕೇಳೋಣವೆಂದರೆ, ಅಪ್ಪ ಎನಿಸಿಕೊಂಡವನು ಮಗಳಿಗೆ "ನಿನ್ನ ಗಂಡನ ತೊಡೆ ಹೇಗಿವೆ" ಎಂದು ಕೇಳುವುದುಂಟೆ?

ಆಗ ನನ್ನೊಳಗಿನ ಡ್ರಾಯಿಂಗ್ ಮಾಸ್ತರ ಎದ್ದು ಕೂತ. ನಮ್ಮ ಶಿಲ್ಪಶಾಸ್ತ್ರದಲ್ಲಿ ಮೈಯನ್ನು ತಾಳದ ಲೆಕ್ಕದಲ್ಲಿ ಅಳೆಯುತ್ತಾರೆ. ತಾಳವೆಂದರೆ ಮುಖದ ಉದ್ದ. ದೊಡ್ಡ ದೇವರಿಗೆ ಹತ್ತು ತಾಳ, ಮನುಷ್ಯರಿಗೆ ಎಂಟು, ಗಣಪತಿಗೆ ಐದು. ಆ ಶಾಸ್ತ್ರ ಮಾಡಿದ ಹಿರಿಯರು ದೊಡ್ಡ ಮನಸ್ಸಿನವರು. ಐದು ತಾಳದ ಗಣಪತಿಯನ್ನು ಹತ್ತು ತಾಳಕ್ಕೆ ಎಳೆಯಲು ಹೋಗಲಿಲ್ಲ. ಹೊಟ್ಟೆಗೆ ಒಂದು ಹಾವಿನ ಪಟ್ಟಿ ಕಟ್ಟಿ, ಹಾಗೆಯೇ ಚೆಂದ ಎಂದು ಪೂಜೆ ಮಾಡಿದರು. ಜೀನ್ಸಿನ ಕಂಪನಿಯವರು ಈ ಪಾಠ ಓದಿದವರಲ್ಲ. ಅವರ ಮನಸ್ಸಿನಲ್ಲಿ ಒಬ್ಬನೇ ಗಂಡಸು, ಅವನು ಹಸಿದವನು. ಇಷ್ಟೆಲ್ಲ ಶಾಸ್ತ್ರ ಗೊತ್ತಿದ್ದ ನಾನು ಮಾಡಿದ್ದೇನು ಗೊತ್ತೆ? ಸುಭಾಸನಿಂದ ಪೆನ್ನು, ಒಂದು ರಟ್ಟು ಇಸಿದುಕೊಂಡು ಆ ರಟ್ಟಿನ ಮೇಲೆ ನಮ್ಮ ಅಳಿಯನ ಚಿತ್ರ ಬರೆದುಕೊಟ್ಟೆ. ಮುಖ ಅಳಿಯನದು. ಅದರ ಕೆಳಗೆ ನೆನಪಿಲ್ಲದ ಭಾಗವನ್ನೆಲ್ಲ ಶಾಸ್ತ್ರದಿಂದ ತುಂಬಿದೆ: ನೀಳವಾದ ಕಾಲು, ಬಾಳೆದಿಂಡಿನಂಥ ತೊಡೆ, ಎಲ್ಲವೂ ಮೂವತ್ತೆರಡರ ಸೊಂಟಕ್ಕೆ ತಕ್ಕಂತೆ.

ಸುಭಾಸ ರಟ್ಟನ್ನು ದೂರ ಹಿಡಿದು ನೋಡಿದ. "ಆಹಾ! ಏನ ಅಳಿಯರಪಾ! ಹೀರೋ ಅದಾರ ಹೀರೋ. ಇವರಿಗೆ ಸ್ಕಿನ್ನಿನ ತಗೋರಿ ಸರ್. ಅಗದೀ ಹೇಳಿ ಮಾಡಿಸಿದಂಗ ಕುಂದರತೈತಿ."

ಅವನ ತಪ್ಪೇನೂ ಇಲ್ಲ. ಅವನು ಕೊಟ್ಟ ಜೀನ್ಸು ನನ್ನ ಚಿತ್ರಕ್ಕೆ ನಿಜವಾಗಿಯೂ ಹೇಳಿ ಮಾಡಿಸಿದಂತಿತ್ತು. ಕೂರದಿದ್ದರೆ ಬದಲಿಸಿಕೊಡುತ್ತೇನೆಂದು ಅವನು ಹೇಳಿದ. ನಾನು, ಕೂರದೆ ಏನು, ಎಂಬ ಗತ್ತಿನಲ್ಲಿ ಚೀಲ ಹಿಡಿದು ಬಂದೆ.

ನರಕ ಚತುರ್ದಶಿಯ ಮುಂಜಾನೆ. ಎಣ್ಣೆ ಹಚ್ಚಿ ನೀರು ಹಾಕಿಕೊಂಡದ್ದಾಯಿತು, ಆರತಿಯಾಯಿತು. ತಟ್ಟೆಯನ್ನು ಅಳಿಯನ ಕೈಗಿತ್ತು, "ಉಟ್ಟುಗೊಂಡು ಬರ್ರಿ" ಎಂದೆವು. ಅವನು "ಹೂಂನ್ರಿ ಸರ್" ಎಂದು ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡ.

ಹೋದವನು ಬರಲೇ ಇಲ್ಲ. ಸ್ವಲ್ಪ ಹೊತ್ತಿಗೆ ಒಳಗಿಂದ ಧಪ್ ಎಂದು ಸದ್ದು ಬಂತು. ಮತ್ತೆ ಧಪ್. ಆಮೇಲೆ ಸಾಲಾಗಿ ಧಪ್ ಧಪ್ ಧಪ್. "ಅಳಿಯಂದ್ರು ಒಳಗ ಕುಣ್ಯಾಕತ್ತಾರೇನು?" ಎಂದಳು ಶಕುಂತಲಾ. "ಹೊಸಾ ಅರಿವಿ ಕಂಡು ಖುಷಿ ಆಗಿರಬೇಕು" ಎಂದೆ ನಾನು. ಪಲ್ಲವಿ ಬಾಗಿಲ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿ ತುಟಿ ಕಚ್ಚಿಕೊಂಡು ಅಡುಗೆಮನೆಗೆ ಹೋದಳು.

ಕಡೆಗೆ ಬಾಗಿಲು ತೆರೆಯಿತು. ಅಳಿಯ ಬಂದ. ಬಂದ ಎನ್ನುವುದಕ್ಕಿಂತ, ಮೊಣಕಾಲು ಮಡಿಸದೆ ಒಂದೊಂದೇ ಕಾಲನ್ನು ಬದಿಯಿಂದ ತಿರುಗಿಸಿ ಇಡುತ್ತ ನಮ್ಮ ಹತ್ತಿರ ತಲುಪಿದ ಎನ್ನಬೇಕು. ಆಗ ನೋಡಿದೆ ಸ್ವಾಮಿ, ಮೊದಲ ಸಲ ನಮ್ಮ ಅಳಿಯನ ತೊಡೆಗಳನ್ನು! ಚಿಕ್ಕಂದಿನಿಂದ ಊರ ಗರಡಿಮನೆಯಲ್ಲಿ ಬೈಠಕ್ ಹೊಡೆದ ಪೈಲವಾನನ ತೊಡೆಗಳು ಅವು. ಸೊಂಟ ಮಾತ್ರ ಮೂವತ್ತೆರಡೇ, ಮಗಳು ಸುಳ್ಳು ಹೇಳಿರಲಿಲ್ಲ. ಆದರೆ ಸೊಂಟದ ನಂಬರು ಸೊಂಟದ ವಿಷಯವನ್ನಷ್ಟೇ ಹೇಳುತ್ತದೆ. ಹೊಲಿಗೆಗಳೆಲ್ಲ ಹಲ್ಲು ಕಿಸಿದು ನಿಂತಿದ್ದವು.

ನಮಸ್ಕಾರಕ್ಕೆಂದು ಬಗ್ಗಿದ. ಅರ್ಧಕ್ಕೆ ನಿಂತ. ಮುಂದಕ್ಕೂ ಹೋಗಲೊಲ್ಲ, ಹಿಂದಕ್ಕೂ ಬರಲೊಲ್ಲ. ನಾನು ಗಾಬರಿಯಾಗಿ, ಕಾಲು ಮುಟ್ಟುವ ಮೊದಲೇ, "ಸುಖವಾಗಿರ್ರಿ, ಸುಖವಾಗಿರ್ರಿ" ಎಂದು ಆಶೀರ್ವಾದ ಮಾಡಿ ಅವನ ಭುಜ ಹಿಡಿದು ನೆಟ್ಟಗೆ ನಿಲ್ಲಿಸಿದೆ.

ಹಬ್ಬದ ದಿನ ನಮ್ಮಲ್ಲಿ ನೆಲದ ಮೇಲೆ ಮಣೆ ಹಾಕಿ ಫಳಾರ. ಹಚ್ಚಿದ ಅವಲಕ್ಕಿ, ಚಕ್ಕುಲಿ, ಕರ್ಚಿಕಾಯಿ, ಉಂಡಿ ಎಲ್ಲ ಬಡಿಸಿಯಾಗಿತ್ತು. "ಕುಂದರ್ರಿ" ಎಂದಳು ಶಕುಂತಲಾ.

"ನಿಂತ ತಿಂತೇನ್ರಿ ಅತ್ತೀ."

"ಹಬ್ಬದ ದಿನ ನಿಂತ ತಿನ್ನೂದಂದ್ರ ಏನ್ರಿ? ಕುಂದರ್ರಿ."

"ಇಲ್ರಿ, ನಿಂತ ತಿಂದ್ರ ನನಗ ಛಲೋ ಪಚನ ಆಗತೈತ್ರಿ."

ಶಕುಂತಲಾಳ ಮುಖ ಇಳಿಯಿತು. ನನ್ನನ್ನು ಅಡುಗೆಮನೆಯ ಬಾಗಿಲಿಗೆ ಕರೆದು ಪಿಸುಗುಟ್ಟಿದಳು: "ನಮ್ಮ ಮನ್ಯಾಗ ಕುಂದ್ರಾಕ ಸೈತ ಮನಸ್ಸಿಲ್ಲ ನೋಡ್ರಿ ಅವರಿಗೆ. ಹಿಂಗಾದ್ರ ನಮ್ಮ ಹುಡುಗಿ ಅಲ್ಲಿ ಹೆಂಗ ಇದ್ದಾಳೋ ಏನೋ." ಕಣ್ಣು ತುಂಬಿಕೊಂಡಿದ್ದವು. ಹಬ್ಬದ ಸಂಭ್ರಮವೆಲ್ಲ ಒಂದು ಗಳಿಗೆಯಲ್ಲಿ ಕಾಯಿಸಿ ಮರೆತ ನೀರಿನ ಹಾಗೆ ತಣ್ಣಗಾಯಿತು.

ನಾನು ಹೊರಗೆ ಬಂದು, ಗೋಡೆಗೆ ಆನಿಕೊಂಡು ಅವಲಕ್ಕಿಯ ತಟ್ಟೆ ಹಿಡಿದಿದ್ದ ಅಳಿಯನನ್ನು ಕೇಳಿದೆ: "ಜೀನ್ಸ್ ಹೆಂಗ ಆಗೇತ್ರಿ? ಛಲೋ ಐತಲ್ಲ?"

ಅವನ ಹಣೆಯ ಮೇಲೆ ಬೆವರಿತ್ತು. ಉಸಿರು ಮೇಲೆಮೇಲೆಯೇ ಓಡಾಡುತ್ತಿತ್ತು. ಅಂಥದರಲ್ಲಿ ನಕ್ಕು ಹೇಳಿದ: "ಭಾಳ ಛಲೋ ಐತ್ರಿ ಸರ್."

ಈ ದನಿ ನನಗೆ ಗೊತ್ತಿತ್ತು. ನಮ್ಮ ಮಗಳು ಫೋನಿನಲ್ಲಿ ಹೇಳುವುದೂ ಹೀಗೇ ಅಲ್ಲವೆ? ಉಸಿರು ಕಟ್ಟಿ ನಿಂತವನೂ ಇಷ್ಟು ಚೆಂದ "ಛಲೋ ಐತಿ" ಎನ್ನಬಹುದಾದರೆ, ಆಕೆ ಅಲ್ಲಿ ಎಂಥ ಉಸಿರು ಕಟ್ಟಿಕೊಂಡು ಆ ಮಾತು ಹೇಳುತ್ತಿದ್ದಾಳೋ ಯಾರಿಗೆ ಗೊತ್ತು! ಹಾಗಾದರೆ ಇಷ್ಟು ತಿಂಗಳು ನಾನು ಕೇಳಿಸಿಕೊಂಡದ್ದೆಲ್ಲ ಏನು? ನನಗೆ ಹೆದರಿಕೆಯಾಯಿತು.

ತಟ್ಟೆ ಕೆಳಗಿಡಿಸಿ, ಅಳಿಯನ ಕೈಹಿಡಿದು ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದೆ. "ಖರೇ ಹೇಳ್ರಿ" ಎಂದೆ. ಅವನು ಗಾಬರಿಯಾಗಿ, "ಏನ್ರಿ ಸರ್, ಛಲೋನ ಐತ್ರಿ..." ಎಂದು ಮತ್ತೆ ಅದನ್ನೇ ಶುರುಮಾಡಿದ. ಇವನು ಹೀಗೆ ದಾರಿಗೆ ಬರುವವನಲ್ಲ ಎನಿಸಿತು. ಏನು ಹೊಳೆಯಿತೋ, ನಾನು ನನ್ನ ಅಂಗಿಯನ್ನು ಮೇಲಕ್ಕೆತ್ತಿ ತೋರಿಸಿಬಿಟ್ಟೆ. ನನ್ನ ಪ್ಯಾಂಟಿನ ಹುಕ್ಕು ಬಿಚ್ಚಿತ್ತು. ಹಬ್ಬದ ದಿನ, ಊಟವಿದ್ದ ದಿನ ನಾನು ಹುಕ್ಕು ಹಾಕುವುದೇ ಇಲ್ಲ. ಎಲ್ಲ ಬೆಲ್ಟಿನ ಮೇಲೆ ನಡೆಯುತ್ತದೆ, ಮೇಲೆ ಅಂಗಿ ಬಿಟ್ಟರೆ ಮುಗಿಯಿತು. ಇದು ಶಕುಂತಲಾಳಿಗೂ ಗೊತ್ತಿಲ್ಲದ ಗುಟ್ಟು.

"ನೋಡ್ರಿ," ಎಂದೆ, "ಈ ಪ್ಯಾಂಟ ನನಗ ಭಾಳ ವರ್ಷದಿಂದ ಬಿಗಿ ಆಗೇತಿ. ಯಾರ ಮುಂದೂ ಹೇಳಿಲ್ಲ. ಈಗ ನೀವು ಹೇಳ್ರಿ."

ಅವನು ನನ್ನ ಹೊಟ್ಟೆಯನ್ನು ನೋಡಿದ, ಹುಕ್ಕನ್ನು ನೋಡಿದ, ನನ್ನ ಮುಖ ನೋಡಿದ. ಮೀಸೆಯ ಕೆಳಗೆ ನಗು ತಡೆಯಲು ಎಷ್ಟು ಒದ್ದಾಡಿದರೂ ಆಗಲಿಲ್ಲ, ಭುಸ್ಸೆಂದು ನಕ್ಕುಬಿಟ್ಟ.

"ತೊಡಿ ಸಿಕ್ಕೊಂಡಾವ್ರಿ," ಎಂದ. "ಹೆಂಗೋ ಜಿಗದ ಜಿಗದ ಏರಿಸೇನ್ರಿ. ಈಗ ಇಳಸಾಕ ಬರವಲ್ದು. ಕಾಲು ಜೋಮು ಹಿಡದಾವ್ರಿ."

ಮುಂದಿನ ದೃಶ್ಯವನ್ನು ಹೇಗೆ ವರ್ಣಿಸಲಿ! ಮಾನಕ್ಕೆ ಕುಂದು ಬಾರದಂತೆ ಮೊದಲು ನನ್ನದೊಂದು ಲುಂಗಿಯನ್ನು ಅವನ ಸೊಂಟಕ್ಕೆ ಸುತ್ತಿದೆವು. ಅವನು ಮಂಚದ ಮೇಲೆ ಅಂಗಾತ ಮಲಗಿ ತಲೆದಿಂಬಿನ ಹತ್ತಿರ ಮಂಚದ ಪಟ್ಟಿ ಹಿಡಿದುಕೊಂಡ. ನಾನು ಕಾಲ ಬುಡದಲ್ಲಿ ನಿಂತು ಜೀನ್ಸಿನ ಎರಡೂ ತುದಿ ಹಿಡಿದು ಎಳೆಯತೊಡಗಿದೆ. ಜೀನ್ಸು ಬರುವ ಬದಲು ಅಳಿಯನೇ ಬಂದ. ಮತ್ತೆ ಮೇಲಕ್ಕೆ ಸರಿದು ಹಿಡಿದುಕೊಂಡ. ನಾನು ಗೋಡೆಗೆ ಒಂದು ಕಾಲು ಕೊಟ್ಟು ಜಗ್ಗಿದೆ. "ತಡೀರಿ, ತಡೀರಿ ಮಾವಾರ, ಒಂದೊಂದ ಕಾಲು ಜಗ್ರಿ!" ಎಂದು ಕೂಗಿದ. ಜಗ್ಗಾಟದಲ್ಲಿ "ಸರ್" ಎಲ್ಲಿ ಬಿದ್ದುಹೋಯಿತೋ. ನನ್ನ ಪ್ಯಾಂಟೂ ಹುಕ್ಕಿಲ್ಲದ ಕಾರಣ ಇಳಿಯತೊಡಗಿತು. ಒಂದು ಕೈಯಲ್ಲಿ ಅದನ್ನು ಹಿಡಿದು ಇನ್ನೊಂದು ಕೈಯಲ್ಲಿ ಎಳೆಯುವುದು ನೋಡಿ ಅವನು ನಕ್ಕ, ನಕ್ಕಂತೆ ತೊಡೆಗಳು ಇನ್ನೂ ಉಬ್ಬಿದವು. ಅಷ್ಟರಲ್ಲಿ ಸದ್ದು ಕೇಳಿ ಶಕುಂತಲಾ ಬಾಗಿಲು ತೆರೆದಳು. "ಅಯ್ಯ ನನ ಶಿವನ!" ಎಂದು ಅಷ್ಟೇ ಬೇಗ ಮುಚ್ಚಿದಳು. ಕಡೆಗೊಮ್ಮೆ ಜೀನ್ಸು ಸರ್ರೆಂದು ಬಂತು, ನಾನು ಕಪಾಟಿಗೆ ಹೋಗಿ ಬಡಿದೆ.

ಲುಂಗಿ ಉಟ್ಟ ಅಳಿಯ ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಮೂರು ಸಲ ಅವಲಕ್ಕಿ ಹಾಕಿಸಿಕೊಂಡ. ಶಕುಂತಲಾ ಬಡಿಸುತ್ತಲೇ ಇದ್ದಳು, ಕಣ್ಣೊರೆಸಿಕೊಳ್ಳುತ್ತಲೇ ಇದ್ದಳು. ಈ ಸಲ ನಗುವಿನಿಂದ. ಈಗ ಕೇಳದಿದ್ದರೆ ಎಂದೂ ಕೇಳಲಾರೆ ಎನಿಸಿ, ನಾನು ಧೈರ್ಯಮಾಡಿದೆ. "ವೀರೇಶ, ಒಂದು ಮಾತು. ನಮ್ಮ ಪಲ್ಲವಿ ನಿಮ್ಮ ಮನ್ಯಾಗ ಹೆಂಗ ಅದಾಳ? ಖರೇ ಹೇಳಬೇಕು."

ಅವನು ಚಕ್ಕುಲಿ ಮುರಿಯುತ್ತ ಹೆಂಡತಿಯ ಕಡೆ ನೋಡಿದ. "ಆಕೀನ್ನ ಕೇಳ್ರಿ ಮಾವಾರ. ನಮ್ಮ ಮನ್ಯಾಗ ಆಕೀಗೆ ಸೇರದ್ದು ಏನೇನೈತಿ ಅನ್ನೂದು ಊರ ಮಂದಿಗೆಲ್ಲಾ ಗೊತ್ತೈತಿ."

ಪಲ್ಲವಿ ಕಾಯುತ್ತಿದ್ದಳೋ ಏನೋ. "ಗೊತ್ತಿರಬೇಕಲ್ಲ ಮತ್ತ!" ಎಂದು ಶುರುಮಾಡಿದಳು. ಚಹಾಕ್ಕೆ ಸಕ್ಕರೆ ಸುರಿಯುತ್ತಾರಂತೆ, ಬಾಯಿ ಅಂಟುತ್ತದಂತೆ. ಸಾರಿಗೆ ಹಾಕುವ ಖಾರಕ್ಕೆ ಮೊದಲ ವಾರ ಅತ್ತೇಬಿಟ್ಟಳಂತೆ. ಮಧ್ಯಾಹ್ನ ಒಂದು ಪುಸ್ತಕ ಹಿಡಿದು ಕೂತರೆ ಯಾರಾದರೂ ಬಂದು, ಮೈಯಾಗ ಆರಾಮ ಇಲ್ಲೇನವಾ, ಎಂದು ಹಣೆ ಮುಟ್ಟಿ ನೋಡುತ್ತಾರಂತೆ. ಹೇಳುತ್ತಲೇ ಇದ್ದಳು. ಹೇಳುತ್ತ ಹೇಳುತ್ತ ಗಂಡನ ತಟ್ಟೆಯಿಂದ ಕರ್ಚಿಕಾಯಿ ಎತ್ತಿಕೊಂಡು ತಿಂದಳು.

"ದಿನಾ ಇದ ಪಾಠ ನನಗ," ಎಂದ ವೀರೇಶ. "ನಮ್ಮವ್ವನ ಮುಂದೂ ಹೇಳತಾಳ್ರಿ. ಅವ್ವ ಮೊದಲ ಎರಡು ದಿನ ಸಿಟ್ಟಾದ್ಲು. ಈಗ ಖಾರ ಹಾಕೂ ಮೊದಲ ಈಕೀಗೆ ಬ್ಯಾರೆ ಬಟ್ಟಲದಾಗ ಸಾರು ತಗದಿಡತಾಳ. ಪುಸ್ತಕದ್ದೊಂದು ಇನ್ನೂ ಬಗಿಹರಿದಿಲ್ರಿ."

ನನ್ನ ಎದೆಯ ಮೇಲಿದ್ದ ಭಾರವೆಲ್ಲ ಇಳಿದುಹೋಯಿತು. ನಾನು ಮಗಳ ದೂರುಗಳನ್ನು ಹಾಡು ಕೇಳಿದ ಹಾಗೆ ಕೇಳುತ್ತ ಕೂತಿದ್ದೆ. ಆದರೂ ಒಂದು ಅಳುಕು ಉಳಿದಿತ್ತು. "ಅಲ್ಲವಾ, ಇಷ್ಟೆಲ್ಲಾ ಅವರ ಮುಂದ ಹೇಳ್ತಿ. ನನ್ನ ಮುಂದ ಯಾಕ ಒಂದ ದಿನಾನೂ ಹೇಳಲಿಲ್ಲ?"

ಪಲ್ಲವಿ ನನ್ನನ್ನು ಚಿಕ್ಕ ಮಗುವನ್ನು ನೋಡುವಂತೆ ನೋಡಿದಳು. "ನೀವು ಕೇಳೂದ ಹಂಗಲ್ಲೇನಪ್ಪಾ? ಫೋನ್ ಎತ್ತಿದ ಕೂಡಲೇ 'ಎಲ್ಲಾ ಛಲೋ ಐತಲ್ಲ?' ಅಂತೀರಿ. ಉತ್ತರಾನೂ ನೀವ ಹೇಳಿ ಕೇಳಿದ್ರ ನಾ ಏನ ಹೇಳ್ಲಿ? ಹೂಂ ಅಂತೇನಿ. ನಿಮಗ ಅದ ಬೇಕಾಗಿರತೈತಿ ಅಂತ."

ಶಕುಂತಲಾ, "ಖರೇನ ಐತಿ" ಎಂದು ಮಗಳ ಪಕ್ಷ ಸೇರಿದಳು. ಯೋಚಿಸಿ ನೋಡಿದರೆ, ಕೈಯಾರೆ ಕೊಟ್ಟದ್ದನ್ನು ಯಾರೂ ಹಳಿಯಬಾರದೆಂದು ನಾವೇ ಕಟ್ಟುಪಾಡು ಮಾಡಿಟ್ಟುಕೊಂಡವರು. ಬಟ್ಟೆಗೆ ಮಾಡಿದ್ದನ್ನು ಮಗಳಿಗೂ ಹಚ್ಚಿಬಿಟ್ಟಿದ್ದೆವೇನೋ. ಅಳಿಯನ ತೊಡೆಗಳು ಇದ್ದಕ್ಕಿದ್ದ ಹಾಗೆ ಕಣ್ಣಿಗೆ ಬೀಳದಿದ್ದರೆ ಇದು ನನಗೆ ಎಂದೂ ತಿಳಿಯುತ್ತಿರಲಿಲ್ಲ.

ಹಬ್ಬ ಮುಗಿದ ಮೇಲೆ ಮಾವ-ಅಳಿಯ ಕೂಡಿ ಸುಭಾಸನ ಅಂಗಡಿಗೆ ಹೋದೆವು. ಸುಭಾಸ ಅಳಿಯನನ್ನು ಮೇಲಿಂದ ಕೆಳಗೆ ನೋಡಿ, "ಇವರೇನ್ರಿ ಆ ಚಿತ್ರದಾಗಿನವರು?" ಎಂದು ಹಣೆ ಬಡಿದುಕೊಂಡು, ಸೊಂಟ ಅಷ್ಟೇ ಇದ್ದು ತೊಡೆಯಲ್ಲಿ ಸಡಿಲವಿರುವ ಜೀನ್ಸು ತೆಗೆದುಕೊಟ್ಟ. ವೀರೇಶ ಅದನ್ನು ಹಾಕಿಕೊಂಡು ಬಂದು, ಅಂಗಡಿಯ ನಡುವೆ ಎರಡು ಬೈಠಕ್ ಹೊಡೆದು ನೋಡಿ, ತೃಪ್ತನಾದ. ಆಮೇಲೆ ಹಟ ಹಿಡಿದು ನನಗೂ ಒಂದು ತೊಡಿಸಿದ. ಪರದೆಯ ಹಿಂದೆ ನಾನು ನನ್ನ ಮತಕ್ಕೆ ತಕ್ಕಂತೆ ಹೊಟ್ಟೆಯ ಕೆಳಗೆ ಕಟ್ಟಿಕೊಂಡು, ಉಸಿರು ಹಿಡಿದು, ಹೊರಗೆ ಬಂದು ನಿಂತೆ.

"ಹೆಂಗ ಐತಿ?" ಎಂದೆ.

ಸುಭಾಸ "ಭಾರೀ ಒಪ್ಪತೈತ್ರಿ ಸರ್" ಎಂದ. ವೀರೇಶ ನನ್ನ ಸುತ್ತ ಒಂದು ಸುತ್ತು ಬಂದ. ಹಿಂದೆ ನಿಂತು ಬಹಳ ಹೊತ್ತು ನೋಡಿದ. "ಚೂರೂ ಛಲೋ ಕಾಣಂಗಿಲ್ರಿ ಮಾವಾರ. ಹಿಂದ ಖಾಲಿ ಚೀಲ ಜೋತು ಬಿದ್ದಂಗ ಐತಿ. ಬಿಚ್ರಿ" ಎಂದ. ಮದುವೆಯಾದಾಗಿನಿಂದ ಅವನು ನನಗೆ ಹೇಳಿದ ಅತ್ಯಂತ ಪ್ರೀತಿಯ ಮಾತು ಅದು ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ.

ಜೀನ್ಸು ತೆಗೆದುಕೊಳ್ಳದೆ ಬಂದೆ. ಈ ವಯಸ್ಸಿನಲ್ಲಿ ನನ್ನ ಮೈಗೆ ಒಪ್ಪುವ ಜೀನ್ಸು ಹುಡುಕುವುದಕ್ಕಿಂತ ಊಟಕ್ಕೆ ಒಪ್ಪುವ ಹಾಗೆ ಹಳೆಯ ಪ್ಯಾಂಟಿನ ಹೊಲಿಗೆ ಬಿಡಿಸಿಕೊಳ್ಳುವುದೇ ಸುಲಭ. ಟೇಲರನಿಗೆ ಕೊಟ್ಟು ಸೊಂಟ ಬಿಡಿಸಿದ್ದೇನೆ. ಅವನು ಏಕೆ ಎಂದು ಕೇಳಿದಾಗ, ಬಿಗಿಯಾಗಿದೆ ಎಂದು ಅಂಗಡಿಯ ತುಂಬ ಕೇಳುವ ಹಾಗೆ ಹೇಳಿದೆ.

ಇಂದು ಮುಂಜಾನೆ ಪಲ್ಲವಿಗೆ ಫೋನ್ ಮಾಡಿದೆ. ಅವಳು ಹಲೋ ಎನ್ನುತ್ತಲೇ ಕೇಳಿದೆ: "ಏನವಾ, ಈ ವಾರ ಏನೇನು ಛಲೋ ಇಲ್ಲ?" ಆ ಕಡೆಯಿಂದ ಮೊದಲು ನಗು ಬಂತು. ಆಮೇಲೆ, "ತಡೀರಿ ಅಪ್ಪಾ, ಕುಂತು ಹೇಳತೇನಿ" ಎಂದಳು. ನಾನೂ ಕುರ್ಚಿ ಎಳೆದುಕೊಂಡೆ. ಶಕುಂತಲಾ ಟಿವಿ ಆರಿಸಿ ಬಂದು ನನ್ನ ಕಿವಿಯ ಹತ್ತಿರ ತನ್ನ ಕಿವಿ ಇಟ್ಟಳು.